ಸಂಧಾನಕಾರ ಸಪ್ರು

ನಮ್ಮ ಸ್ವಾತಂತ್ರ್ಯ ಸಂಗ್ರಾಮದ ಚರಿತ್ರೆಯಲ್ಲಿ ಸೆರೆಮನೆ ಸೇರಿದ ನಾಯಕರ ಹೆಸರುಗಳು ಎಲ್ಲರಿಗೂ ಪರಿಚಿತ. ತಾವು ಸೆರೆಯಾಳಾಗದೆ, ಸೆರೆಯಲ್ಲಿದ್ದವರಿಗೂ ಅವರನ್ನು ಸೆರೆಯಲ್ಲಿಟ್ಟ ಸರ್ಕಾರಕ್ಕೂ ನಡುವೆ ಓಡಾಡಿ, ಎರಡು ಪಕ್ಷಗಳನ್ನೂ ಮಾತುಕತೆಗೆ ಕೂರಿಸಲು ಶ್ರಮಿಸಿದವರು ಕೆಲವರೇ. ಅವರಲ್ಲಿ ಅಗ್ರಗಣ್ಯರು ಅಲಹಾಬಾದಿನ ನ್ಯಾಯವಾದಿ ಸರ್ ತೇಜ್ ಬಹಾದುರ್ ಸಪ್ರು.

ಸಪ್ರು ಅವರು 1875ರ ಡಿಸೆಂಬರ್ 8ರಂದು ಅಲಿಘರ್ ನಗರದಲ್ಲಿ ಜನಿಸಿದರು. ಕಾಶ್ಮೀರದಿಂದ ಬಂದು ಉತ್ತರ ಹಿಂದೂಸ್ಥಾನದಲ್ಲಿ ನೆಲೆಸಿದ್ದ ಪಂಡಿತ ಮನೆತನ ಅವರದು. ಆಗ್ರಾ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಮೊರಾದಾಬಾದಿನಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿ, 1898ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯಕ್ಕೆ ಬಂದರು. ಇಂದಿನ ಪ್ರಯಾಗರಾಜವೇ ಅಂದಿನ ಅಲಹಾಬಾದು. ಪಾರಸಿ ಮತ್ತು ಉರ್ದು ಸಾಹಿತ್ಯಗಳಲ್ಲಿ ಅವರಿಗಿದ್ದ ಪ್ರೌಢಿಮೆ ವಿದ್ವಾಂಸರೂ ಮೆಚ್ಚುವಂತಹುದು. ಹಿಂದೂ ಮುಸಲ್ಮಾನ ಸ್ನೇಹಿತರಿಬ್ಬರೂ ಅವರನ್ನು ತಮ್ಮವರೆಂದೇ ಭಾವಿಸಲು ಈ ಪಾಂಡಿತ್ಯವೂ ಒಂದು ಕಾರಣವಾಗಿದ್ದಿರಬೇಕು.

ಅಂದಿನ ಅಲಹಾಬಾದಿನ ನ್ಯಾಯಾಲಯದಲ್ಲಿ ಹೆಸರು ಗಳಿಸುವುದು ಸುಲಭವಾಗಿರಲಿಲ್ಲ. ಮೋತಿಲಾಲ್ ನೆಹರೂ ಅವರಂತಹ ಘಟಾನುಘಟಿಗಳು ಅಲ್ಲಿ ವಾದಿಸುತ್ತಿದ್ದರು. ದೊಡ್ಡ ಮೊಕದ್ದಮೆಯೊಂದರಲ್ಲಿ ತನ್ನ ಕಕ್ಷಿಗಾರನ ಕಾಗದಪತ್ರಗಳನ್ನು ಮಾತ್ರ ಓದಿಕೊಂಡು ಬಂದ ವಕೀಲನು ಅರ್ಧ ಸೋತಂತೆಯೇ. ಎದುರಾಳಿಯ ವಾದದಲ್ಲಿ ಬಲವಾದ ಅಂಶ ಯಾವುದು, ತನ್ನ ವಾದದಲ್ಲಿ ದುರ್ಬಲವಾದುದು ಯಾವುದು ಎಂಬುದನ್ನು ಆತನು ಮೊದಲೇ ತೂಗಿ ನೋಡಿರಬೇಕು. ಸಪ್ರು ಅವರು ಈ ವಿದ್ಯೆಯಲ್ಲಿ ನುರಿತರು. ಹೆಸರಿನೊಡನೆ ಸಂಪತ್ತೂ ಬಂದಿತು. ನ್ಯಾಯಾಲಯದಲ್ಲಿ ಗೆಲುವಿಗಾಗಿ ಬಳಸಿದ ಈ ವಿದ್ಯೆಯನ್ನೇ ಅವರು ಮುಂದೆ ರಾಜಿಗಾಗಿ ಬಳಸಿದರು.

ಸಾರ್ವಜನಿಕ ಜೀವನದಲ್ಲಿ ಅವರು ಮಿತವಾದಿಗಳು. 1920ರಲ್ಲಿ ವೈಸರಾಯರ ಕಾರ್ಯಾಂಗ ಮಂಡಲಿಯ ಕಾನೂನು ಸದಸ್ಯರಾಗಿ ನೇಮಕಗೊಂಡರು. ಅದೇ ವರ್ಷ ಗಾಂಧೀಜಿಯವರು ಅಸಹಕಾರ ಚಳುವಳಿಯನ್ನು ಹೂಡಿದರು. ಮೋತಿಲಾಲರು ವಕೀಲಿಯನ್ನೇ ತ್ಯಜಿಸಿದರು. ಸಪ್ರು ಅವರು ಸರ್ಕಾರದ ಪಕ್ಷ ಸೇರಿದರೆಂದು ಜನರು ಮೂಗು ಮುರಿದರು. ಆದರೆ ಪತ್ರಿಕೆಗಳ ಬಾಯಿ ಕಟ್ಟಿದ್ದ 1910ರ ಮುದ್ರಣಾಲಯ ಕಾಯಿದೆಯೂ, ಕುಖ್ಯಾತವಾದ ರೌಲತ್ ಕಾಯಿದೆಯೂ 1922ರಲ್ಲಿ ರದ್ದಾದುದು ಅವರ ಅಧಿಕಾರಾವಧಿಯಲ್ಲಿಯೇ. 1928ರಲ್ಲಿ ಮೋತಿಲಾಲರ ಅಧ್ಯಕ್ಷತೆಯ ಸಮಿತಿಯು ಭಾರತದ ಸಂವಿಧಾನಕ್ಕೊಂದು ರೂಪರೇಖೆಯನ್ನು ಸಿದ್ಧಪಡಿಸಿದಾಗ ಸಪ್ರು ಅದರ ಸದಸ್ಯರಾಗಿದ್ದರು. ರಾಜಕೀಯದಲ್ಲಿ ದಾರಿ ಬೇರೆಯಾದರೂ ಸ್ನೇಹಕ್ಕೆ ಚ್ಯುತಿ ಬಂದಿರಲಿಲ್ಲ.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ದೇಶವನ್ನೆಲ್ಲ ವ್ಯಾಪಿಸಿತು. ನಮ್ಮ ಅಂಕೋಲದ ಕಡಲ ತೀರದಲ್ಲಿಯೂ ಜನರು ಕಾಯಿದೆ ಮುರಿದು ಉಪ್ಪು ತಯಾರಿಸಿದರು. ಗಾಂಧೀಜಿಯವರು ಪುಣೆಯ ಯರವಾಡಾ ಸೆರೆಮನೆಯಲ್ಲಿದ್ದರು. ಮೋತಿಲಾಲ್ ಮತ್ತು ಜವಾಹರಲಾಲರು ಅಲಹಾಬಾದಿನ ಬಳಿಯ ನೈನಿ ಸೆರೆಮನೆಯಲ್ಲಿದ್ದರು. ಆ ಜುಲೈ ತಿಂಗಳಿನಲ್ಲಿ ಸಪ್ರು ಅವರು, ಮುಂಬಯಿಯ ನ್ಯಾಯವಾದಿ ಮುಕುಂದರಾವ್ ಜಯಕರ್ ಅವರೊಡಗೂಡಿ, ವೈಸರಾಯ್ ಲಾರ್ಡ್ ಇರ್ವಿನ್ನರ ಸಮ್ಮತಿ ಪಡೆದು ಸಂಧಾನಕ್ಕೆ ತೊಡಗಿದರು. ಮೊದಲು ಯರವಾಡಾಕ್ಕೆ, ಅಲ್ಲಿಂದ ಗಾಂಧೀಜಿಯವರ ಪತ್ರವನ್ನು ಹೊತ್ತು ನೈನಿಗೆ. ಒಬ್ಬರನ್ನು ಕೇಳದೆ ಇನ್ನೊಬ್ಬರು ಮಾತು ಕೊಡಲಾರರೆಂದು ಕಂಡಾಗ, ನೈನಿಯ ಬಂದಿಗಳನ್ನು ವಿಶೇಷ ರೈಲಿನಲ್ಲಿ ಯರವಾಡಾಕ್ಕೆ ಕರೆತರಲಾಯಿತು. ಆಗಸ್ಟ್ ತಿಂಗಳ ನಡುವಿನಲ್ಲಿ ಸೆರೆಮನೆಯ ಗೋಡೆಗಳೊಳಗೇ ಸಭೆ ಸೇರಿತು. ವಲ್ಲಭಭಾಯಿ ಪಟೇಲರೂ ಸರೋಜಿನಿ ನಾಯ್ಡು ಅವರೂ ಅದರಲ್ಲಿದ್ದರು.

ನಾಯಕರು ಮುಂದಿಟ್ಟ ಬೇಡಿಕೆಗಳು ಸ್ಪಷ್ಟವಾಗಿದ್ದವು. ಸಾಮ್ರಾಜ್ಯದಿಂದ ಹೊರಬರುವ ಹಕ್ಕು ಭಾರತಕ್ಕಿರಬೇಕು; ರಕ್ಷಣೆ ಮತ್ತು ಹಣಕಾಸುಗಳೂ ಸೇರಿದಂತೆ ಆಡಳಿತವೆಲ್ಲ ಜನತೆಗೆ ಹೊಣೆಯಾದ ಸರ್ಕಾರದ ಕೈಯಲ್ಲಿರಬೇಕು; ಬ್ರಿಟನ್ನಿನ ಸಾಲ ಹಾಗೂ ವಿಶೇಷ ಹಕ್ಕುಗಳ ಪೈಕಿ ಅನ್ಯಾಯವೆಂದು ತೋರುವುವನ್ನು ಸ್ವತಂತ್ರ ನ್ಯಾಯಮಂಡಲಿಯ ತೀರ್ಪಿಗೆ ಒಪ್ಪಿಸಬೇಕು. ವೈಸರಾಯರು ಇವುಗಳನ್ನು ಚರ್ಚೆಗೂ ಯೋಗ್ಯವೆಂದು ಪರಿಗಣಿಸಲಿಲ್ಲ. ಸೆಪ್ಟೆಂಬರಿನ ವೇಳೆಗೆ ಸಂಧಾನವು ಮುರಿದುಬಿದ್ದಿತು. ಸಪ್ರು ಅವರಿಗೆ ದೊರೆತದ್ದು ಎರಡು ಕಡೆಯ ಅಸಮಾಧಾನ ಮಾತ್ರ.

ಆದರೂ ಅವರು ಕೈಚೆಲ್ಲಲಿಲ್ಲ. ಅದೇ ನವೆಂಬರಿನಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ತೆರಳಿ, ಬ್ರಿಟಿಷ್ ಭಾರತವೂ ದೇಶೀಯ ಸಂಸ್ಥಾನಗಳೂ ಸೇರಿದ ಸಂಯುಕ್ತ ರಾಜ್ಯವೊಂದರ ಯೋಜನೆಯನ್ನು ಪ್ರತಿಪಾದಿಸಿದರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರೂ ಆ ಪರಿಷತ್ತಿನಲ್ಲಿದ್ದರು. 1931ರ ಫೆಬ್ರವರಿ 6ರಂದು ಸಪ್ರು ಮುಂಬಯಿಯಲ್ಲಿ ಹಡಗಿನಿಂದಿಳಿದರು. ಅದೇ ದಿನ ಮೋತಿಲಾಲರು ತೀರಿಕೊಂಡರು. ಸಪ್ರು, ಜಯಕರ್ ಮತ್ತು ಶ್ರೀನಿವಾಸ ಶಾಸ್ತ್ರಿಗಳು ಅಲಹಾಬಾದಿಗೆ ಧಾವಿಸಿ, ಬಿಡುಗಡೆ ಹೊಂದಿದ್ದ ಗಾಂಧೀಜಿಯವರನ್ನು ಕಂಡು, ವೈಸರಾಯರನ್ನು ನೇರವಾಗಿ ಭೇಟಿಮಾಡುವಂತೆ ಒತ್ತಾಯಪಡಿಸಿದರು. ಫೆಬ್ರವರಿ 17ರಂದು ಮಾತುಕತೆ ಆರಂಭವಾಯಿತು; ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದವಾಯಿತು. ಅಹಿಂಸೆಯಿಂದ ನಡೆದುಕೊಂಡ ಸತ್ಯಾಗ್ರಹಿಗಳ ಬಿಡುಗಡೆಯಾಯಿತು. ಕಡಲ ತೀರದ ಹಳ್ಳಿಗರಿಗೆ ಮನೆಬಳಕೆಯ ಉಪ್ಪು ತಯಾರಿಸಲು ಅನುಮತಿ ಸಿಕ್ಕಿತು.

ಮರುವರ್ಷ ಇದಕ್ಕಿಂತ ಕಠಿಣವಾದ ಸಂದರ್ಭವೊದಗಿತು. ದಲಿತ ವರ್ಗಗಳಿಗೆ ಪ್ರತ್ಯೇಕ ಮತಕ್ಷೇತ್ರ ನೀಡಿದ ಬ್ರಿಟಿಷ್ ತೀರ್ಪನ್ನು ವಿರೋಧಿಸಿ ಗಾಂಧೀಜಿಯವರು 1932ರ ಸೆಪ್ಟೆಂಬರ್ 20ರಂದು ಯರವಾಡಾದಲ್ಲಿ ಉಪವಾಸ ಕೈಗೊಂಡರು. ತಮ್ಮ ಜನರಿಗೆ ದೊರೆತ ಹಕ್ಕನ್ನು ಸುಮ್ಮನೆ ಬಿಟ್ಟುಕೊಡಲು ಡಾ. ಅಂಬೇಡ್ಕರ್ ಸಿದ್ಧರಿರಲಿಲ್ಲ, ಅದು ನ್ಯಾಯವೇ ಆಗಿತ್ತು. ಆಗ ಸಪ್ರು ಅವರು ಎರಡು ಹಂತದ ಚುನಾವಣೆಯ ಸಲಹೆಯನ್ನು ಮುಂದಿಟ್ಟರು. ಮೊದಲ ಹಂತದಲ್ಲಿ ದಲಿತ ಮತದಾರರೇ ತಮ್ಮವರಲ್ಲಿ ಕೆಲವರನ್ನು ಆರಿಸಬೇಕು. ಎರಡನೆಯ ಹಂತದಲ್ಲಿ ಎಲ್ಲ ಮತದಾರರೂ ಸೇರಿ ಅವರಲ್ಲೊಬ್ಬರನ್ನು ಚುನಾಯಿಸಬೇಕು. ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ ಈ ಕ್ರಮವು ಸೇರಿತು. ಪ್ರಾಂತೀಯ ಶಾಸನಸಭೆಗಳಲ್ಲಿ 71ರಷ್ಟಿದ್ದ ಮೀಸಲು ಸ್ಥಾನಗಳು 148ಕ್ಕೆ ಏರಿದವು. ಉಪವಾಸದ ಒತ್ತಡದಲ್ಲಿ ಆದ ಈ ಒಪ್ಪಂದವನ್ನು ಅಂಬೇಡ್ಕರರು ಮುಂದೆ ಕಟುವಾಗಿ ಟೀಕಿಸಿದರೆಂಬುದನ್ನೂ ಇಲ್ಲಿ ಹೇಳಬೇಕು. ಮಧ್ಯಸ್ಥನು ಜೀವವೊಂದನ್ನು ಉಳಿಸಬಲ್ಲನು. ವ್ಯಾಜ್ಯದ ಬೇರನ್ನು ಕೀಳುವುದು ಅವನೊಬ್ಬನಿಂದಾಗದು.

ಸಪ್ರು ಅವರ ಬೆನ್ನ ಹಿಂದೆ ಯಾವ ದೊಡ್ಡ ಪಕ್ಷವೂ ಇರಲಿಲ್ಲ. ಅವರ ಮಾತಿಗೆ ಬೆಲೆ ಬರುತ್ತಿದ್ದುದು ಅವರಿಗೆ ಸ್ವಂತ ಲಾಭವಿಲ್ಲವೆಂಬ ನಂಬಿಕೆಯಿಂದ. ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುತ್ತಿದ್ದುದಕ್ಕೂ ಅದೇ ಕಾರಣ. 1944ರಲ್ಲಿ ಗಾಂಧೀಜಿ ಮತ್ತು ಜಿನ್ನಾ ಅವರ ಮಾತುಕತೆ ವಿಫಲವಾದಾಗ ಇದು ಎದ್ದು ಕಂಡಿತು. ಸಪ್ರು ಅವರು, ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಪಕ್ಷಾತೀತರ ಸಂಧಾನ ಸಮಿತಿಯೊಂದನ್ನು ಕಟ್ಟಿದರು. ಜಿನ್ನಾ ಅವರು ಸಮಿತಿಯನ್ನು ಮಾನ್ಯಮಾಡಲಿಲ್ಲ. 1945ರಲ್ಲಿ ಸಿದ್ಧವಾದ ವರದಿಯು ದೇಶವಿಭಜನೆಯನ್ನು ನಿರಾಕರಿಸಿತು. ಜಂಟಿ ಮತಕ್ಷೇತ್ರಗಳಿಗೆ ಒಪ್ಪಿದರೆ ಕೇಂದ್ರ ಶಾಸನಸಭೆಯಲ್ಲಿ ಮುಸಲ್ಮಾನರಿಗೆ ದಲಿತೇತರ ಹಿಂದೂಗಳೊಡನೆ ಸಮಾನ ಪ್ರಾತಿನಿಧ್ಯ ನೀಡಬಹುದೆಂದಿತು. ಮೂಲಭೂತ ಹಕ್ಕುಗಳು ಸಂವಿಧಾನದಲ್ಲಿಯೇ ಅಡಕವಾಗಬೇಕೆಂದಿತು. ಪ್ರಮುಖ ಪಕ್ಷಗಳಾವುವೂ ಅದನ್ನು ಸ್ವೀಕರಿಸಲಿಲ್ಲ. ಎರಡು ವರ್ಷಗಳಲ್ಲಿ ದೇಶವು ಒಡೆಯಿತು.

ಅನಾರೋಗ್ಯದಿಂದ ಬಳಲಿದ್ದ ಸಪ್ರು ಅವರು 1949ರ ಜನವರಿ 20ರಂದು ಅಲಹಾಬಾದಿನಲ್ಲಿ ಕಾಲವಾದರು. ಆಗ ದೆಹಲಿಯಲ್ಲಿ ಸಂವಿಧಾನ ರಚನಾ ಸಭೆಯು ಕರಡಿನ ವಿಧಿಗಳನ್ನು ಒಂದೊಂದಾಗಿ ಪರಿಶೀಲಿಸುತ್ತಿದ್ದಿತು. ಮೂಲಭೂತ ಹಕ್ಕುಗಳ ಹಲವು ವಿಧಿಗಳು ಅದಕ್ಕೆ ಕೆಲವು ವಾರಗಳ ಹಿಂದೆಯೇ ಅಂಗೀಕಾರವಾಗಿದ್ದವು.