ಸಂತ ಚಾರ್ಲ್ಸ್ ಬೊರೊಮಿಯೊ: ಹಳೆಯ ಪ್ರಧಾನಾಲಯ, ಹೊಸ ಅಗತ್ಯ



ನವೆಂಬರ್ 4 ಸಂತ ಚಾರ್ಲ್ಸ್ ಬೊರೊಮಿಯೊ ಅವರ ಹಬ್ಬ. ಧರ್ಮೋಪದೇಶಕರ ಪಾಲಕರೆಂದು ನಾವು ಅವರನ್ನು ಬಲ್ಲೆವು. ಹಳೆಯ ದೇವಾಲಯವೊಂದರ ಒಳಾಂಗಣವನ್ನು ಆರಾಧನೆಗೆ ತಕ್ಕಂತೆ ಸಜ್ಜುಗೊಳಿಸಿದವರೂ ಅವರೇ.

ಚಾರ್ಲ್ಸ್ 1538ರಲ್ಲಿ ಇಟಲಿಯ ಅರೋನಾದಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ಸೋದರಮಾವ ನಾಲ್ಕನೇ ಪಯಸ್ ಜಗದ್ಗುರುಗಳಾದಾಗ 21ನೇ ವಯಸ್ಸಿಗೇ ಕಾರ್ಡಿನಲ್ ಆದರು. ಅಣ್ಣ ತೀರಿಕೊಂಡಾಗ, ಮದುವೆಯಾಗಿ ವಂಶ ಬೆಳೆಸುವಂತೆ ಬಂಧುಗಳು ಒತ್ತಾಯಿಸಿದರು. ಅವರು 1563ರಲ್ಲಿ ಗುರುದೀಕ್ಷೆ ಪಡೆದರು. 1565ರಲ್ಲಿ ಮಹಾಧರ್ಮಾಧ್ಯಕ್ಷರಾಗಿ ಮಿಲಾನಿಗೆ ಬಂದರು.

ಅಲ್ಲಿನ ಗೋಥಿಕ್ ಪ್ರಧಾನಾಲಯದ ಕೆಲಸ 1386ರಲ್ಲೇ ಆರಂಭವಾಗಿತ್ತು. 52 ಕಂಬಗಳ ಭವ್ಯ ಕಟ್ಟಡ. ಆದರೆ ಜನ ಒಂದು ಪಕ್ಕದ ಬಾಗಿಲಿನಿಂದ ಹೊಕ್ಕು ಇನ್ನೊಂದರಿಂದ ಹೊರಹೋಗುತ್ತಾ ಅದನ್ನು ದಾರಿಯಾಗಿ ಬಳಸುತ್ತಿದ್ದರು. ಆಳಿದ ದೊರೆಗಳ ಶವಪೆಟ್ಟಿಗೆಗಳು ಕಂಬಗಳ ನಡುವೆ ತೂಗುತ್ತಿದ್ದವು.

ಟ್ರೆಂಟ್ ಮಹಾಸಭೆ ಆಗಷ್ಟೇ ಮುಗಿದಿತ್ತು. ಚಾರ್ಲ್ಸ್ ಅವರು ಶಿಲ್ಪಿ ಪೆಲ್ಲೆಗ್ರಿನೊ ತಿಬಾಲ್ದಿಯವರನ್ನು ಕರೆಸಿದರು. ಬಲಿಪೀಠದ ಭಾಗವನ್ನು ಎತ್ತರಿಸಿ ವಿಸ್ತರಿಸಿದರು. ಜಗದ್ಗುರುಗಳು ಕೊಟ್ಟ ಪರಮಪ್ರಸಾದ ಪೆಟ್ಟಿಗೆಯನ್ನು ಮುಖ್ಯ ಬಲಿಪೀಠದ ಮೇಲಿರಿಸಿದರು. ಪಕ್ಕದ ಬಾಗಿಲುಗಳನ್ನು ಮುಚ್ಚಿಸಿದರು, ದೊರೆಗಳ ಶವಪೆಟ್ಟಿಗೆಗಳನ್ನು ತೆಗೆಸಿದರು. ಕಂಬಗಳು ಮಾತ್ರ ಹಾಗೆಯೇ ಉಳಿದವು. 1577ರಲ್ಲಿ ದೇವಾಲಯ ನಿರ್ಮಾಣದ ಬಗ್ಗೆ ಕೈಪಿಡಿಯನ್ನೇ ಹೊರತಂದರು. ಗುರುಗಳಿಗೂ ಪಾಪನಿವೇದನೆ ಮಾಡುವವರಿಗೂ ನಡುವೆ ಜಾಲರಿ ಇರುವ ಪೀಠ ಹೇಗಿರಬೇಕೆಂಬುದೂ ಅದರಲ್ಲಿದೆ.

1576ರಲ್ಲಿ ಮಿಲಾನಿಗೆ ಪ್ಲೇಗ್ ಬಂತು. ಅನುಕೂಲಸ್ಥರು ಊರು ಬಿಟ್ಟರು, ಚಾರ್ಲ್ಸ್ ಉಳಿದರು. ಹಸಿದವರಿಗೆ ಊಟ ಹಾಕಿಸಿದರು. ತಮ್ಮ ಅರಮನೆಯ ಪರದೆಗಳನ್ನು ಬಡವರ ಬಟ್ಟೆಗೆ ಕೊಟ್ಟರು. ಜನ ದೇವಾಲಯಕ್ಕೆ ಬರುವಂತಿರಲಿಲ್ಲ. ಆಗ ಬೀದಿ ಕೂಡುವೆಡೆಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿ, ಮನೆಯ ಕಿಟಕಿಯಿಂದಲೇ ಬಲಿಪೂಜೆ ಕಾಣುವಂತೆ ಮಾಡಿದರು. ಪ್ರಧಾನಾಲಯದಲ್ಲಿ ಬಲಿಪೀಠವನ್ನು ಎತ್ತರಿಸಿದ್ದೂ, ಬೀದಿಗೆ ತಂದದ್ದೂ ಒಂದೇ ಕಾರಣಕ್ಕೆ: ಜನರಿಗೆ ಅದು ಕಾಣಬೇಕು.

1577ರ ಅಕ್ಟೋಬರಿನಲ್ಲಿ ಅವರು ಪ್ರಧಾನಾಲಯವನ್ನು ಪವಿತ್ರೀಕರಿಸಿದರು. 1584ರಲ್ಲಿ 46ನೇ ವಯಸ್ಸಿನಲ್ಲಿ ತೀರಿಕೊಂಡರು. 1610ರಲ್ಲಿ ಸಂತರೆಂದು ಘೋಷಿತರಾದರು. ಅದೇ ಬಲಿಪೀಠದ ಕೆಳಗಿನ ನೆಲಮಾಳಿಗೆಯಲ್ಲಿ ಅವರ ಶರೀರವಿದೆ.

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅವರು ಸಜ್ಜುಗೊಳಿಸಿದ ಆ ಭಾಗವೂ ಮತ್ತೆ ಬದಲಾಯಿತು. ಯಾವ ದೇವಾಲಯದಲ್ಲೇ ಆಗಲಿ, ಬಲಿಪೀಠ ಸರಿಸುವ ಅಥವಾ ಹೊಸ ಪರದೆ, ಮೈಕು ತರುವ ಮಾತು ಬಂದಾಗ, ನಮಗೆ ಹಿಡಿಸಿತೇ ಎಂದು ಕೇಳುವ ಮೊದಲು ಹಿಂದಿನ ಸಾಲಿನ ಅಜ್ಜಿಗೆ ಕಾಣುತ್ತದೆಯೇ, ಕೇಳುತ್ತದೆಯೇ ಎಂದು ಕೇಳೋಣ.

ಸಂತ ಚಾರ್ಲ್ಸರೇ, ನಮಗಾಗಿ ಪ್ರಾರ್ಥಿಸಿರಿ.