ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ: ಡಾ. ಕಾರ್ಲ್ ವೆರ್ನಿಕೆ

ಎಸ್ಸೆಸ್ಸೆಲ್ಸಿಯಲ್ಲಿ ಮಿದುಳಿನ ಚಿತ್ರ ಬಿಡಿಸಿ ಭಾಗ ಗುರುತಿಸಿ ಅಂಕ ಪಡೆದವರು ನಾವೆಲ್ಲ. ಆ ಚಿತ್ರದಲ್ಲಿ ಎಡಕಿವಿಯ ಮೇಲೆ, ತುಸು ಹಿಂದಕ್ಕೆ, ಒಂದು ಜಾಗಕ್ಕೆ ವೈದ್ಯರೊಬ್ಬರ ಹೆಸರಿದೆ. ಅದನ್ನು ಶಾಲೆಯಲ್ಲಿ ಯಾರೂ ಕೇಳುವುದಿಲ್ಲ, ಪರೀಕ್ಷೆಗೂ ಬರುವುದಿಲ್ಲ. ಹೆಸರಿನ ಒಡೆಯ ಕಾರ್ಲ್ ವೆರ್ನಿಕೆ.

ಅವರು ಹುಟ್ಟಿದ್ದು 1848ರ ಮೇ 15ರಂದು, ಆಗಿನ ಪ್ರಷ್ಯಾದ ಟಾರ್ನೋವಿಟ್ಸ್ ಎಂಬ ಗಣಿಗಳ ಊರಿನಲ್ಲಿ. ಈಗ ಆ ಊರು ಪೋಲೆಂಡಿನಲ್ಲಿದೆ. ಬ್ರೆಸ್ಲಾವ್‌ನಲ್ಲಿ ವೈದ್ಯಕೀಯ ಓದಿ 1870ರಲ್ಲಿ ಪದವಿ ಪಡೆದರು. ಅದೇ ವರ್ಷ ಫ್ರಾನ್ಸಿನೊಡನೆ ಯುದ್ಧ ಶುರುವಾಗಿ, ಸೈನ್ಯದ ವೈದ್ಯರಾಗಿ ದುಡಿದು ಬಂದರು. ಬಳಿಕ ಬ್ರೆಸ್ಲಾವ್‌ನ ಆಸ್ಪತ್ರೆ ಸೇರಿದರು. ನಡುವೆ ಆರು ತಿಂಗಳು ವಿಯೆನ್ನಾಕ್ಕೆ ಹೋಗಿ ಮೈನರ್ಟ್ ಎಂಬ ಮಿದುಳು ತಜ್ಞರ ಹತ್ತಿರ ಕಲಿತರು. ನರಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ದಾರಿ ಹಿಡಿದು ನೋಡುವ ಚಟ ಅಂಟಿದ್ದು ಅಲ್ಲೇ.

ಅದಕ್ಕೂ ಮೊದಲು, 1861ರಲ್ಲಿ, ಪ್ಯಾರಿಸ್ಸಿನ ಪಾಲ್ ಬ್ರೋಕಾ ಒಬ್ಬ ರೋಗಿಯ ವಿಷಯ ಪ್ರಕಟಿಸಿದ್ದರು. ಆ ಮನುಷ್ಯನಿಗೆ ಹೇಳಿದ್ದು ಬಹುಮಟ್ಟಿಗೆ ತಿಳಿಯುತ್ತಿತ್ತು, ಆದರೆ ಬಾಯಿಂದ ಬರುತ್ತಿದ್ದುದು ಟಾನ್ ಎಂಬ ಒಂದೇ ಶಬ್ದ. ಸತ್ತ ಮೇಲೆ ನೋಡಿದರೆ ಮಿದುಳಿನ ಎಡಭಾಗದ ಮುಂಭಾಗ ಹಾಳಾಗಿತ್ತು. ಮಾತಿನ ಜಾಗ ಸಿಕ್ಕಿತು ಎಂದು ವೈದ್ಯಲೋಕವೆಲ್ಲ ಸಂಭ್ರಮಪಟ್ಟಿತು.

ವೆರ್ನಿಕೆಯವರ ಆಸ್ಪತ್ರೆಯಲ್ಲಿದ್ದ ಇಬ್ಬರು ಹೆಂಗಸರ ಕಥೆ ಇದಕ್ಕೆ ಉಲ್ಟಾ. ಅವರು ಸಲೀಸಾಗಿ ಮಾತಾಡುತ್ತಿದ್ದರು. ಆದರೆ ಪದಗಳು ಅದಲುಬದಲು, ಎದುರಿನವರು ಹೇಳಿದ್ದೂ ತಿಳಿಯದು. ಹಾಗಾಗಿ ಕಿವುಡು ಎಂದೋ ಬುದ್ಧಿಭ್ರಮಣೆ ಎಂದೋ ಸುತ್ತಲಿನವರು ತಿಳಿದಿದ್ದರು. ಅವರಲ್ಲಿ ವಯಸ್ಸಾದಾಕೆ ತೀರಿಕೊಂಡಾಗ ವೆರ್ನಿಕೆ ಮಿದುಳನ್ನು ಪರೀಕ್ಷಿಸಿದರು. ಬ್ರೋಕಾ ಹೇಳಿದ ಜಾಗ ಸರಿಯಾಗಿತ್ತು. ಕೆಟ್ಟದ್ದು ಎಡಕಿವಿಯ ಮೇಲಿನ ಮಡಿಕೆ, ಕೇಳಿದ ಶಬ್ದಗಳು ಬಂದು ಸೇರುವ ಕಡೆ. ಮಾತಾಡುವುದಕ್ಕೆ ಒಂದು ಜಾಗ, ಕೇಳಿದ್ದನ್ನು ಗುರುತಿಸುವುದಕ್ಕೆ ಇನ್ನೊಂದು. 1874ರಲ್ಲಿ ಇದನ್ನು ಒಂದು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿದಾಗ ಅವರಿಗೆ 26 ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಇನ್ನೂ ಎರಡನೇ ಕಂಪನಿಗೆ ಇಂಟರ್ವ್ಯೂ ಕೊಡುತ್ತಿರುತ್ತೇವೆ.

ಈ ಕಾಯಿಲೆಯನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮ ಕಾಕಾ ಒಂದು ಮುಂಜಾನೆ ಎದ್ದವರು ಏನೇನೋ ಮಾತಾಡತೊಡಗಿದರು. ಅಂಗಳದಿಂದ ಕೇಳಿದರೆ ಪಕ್ಕಾ ಧಾರವಾಡದ ಮಾತು, ಅದೇ ಏರಿಳಿತ, ಅದೇ ಗಡಸು. ವಿಭಕ್ತಿ ಪ್ರತ್ಯಯ ಕೂಡ ಇದ್ದಲ್ಲೇ ಇತ್ತು. ಹತ್ತಿರ ಹೋದರೆ ಒಂದು ಪದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನೀರು ಬೇಕೇನು ಎಂದು ಕೇಳಿದರೆ ಅಂಗಿ ಗುಂಡಿ ನೋಡಿಕೊಂಡರು. ಕೈಕಾಲು ಗಟ್ಟಿಯಾಗಿದ್ದವು, ಆದ್ದರಿಂದ ಲಕ್ವ ಎಂದು ಯಾರಿಗೂ ಅನಿಸಲಿಲ್ಲ. ಗಾಳಿ ಸೋಕಿದೆ ಎಂದವರಿದ್ದರು, ತಲೆ ಕೆಟ್ಟಿದೆ ಎಂದವರೂ ಇದ್ದರು. ಸ್ಕ್ಯಾನ್ ಆದದ್ದು ಮೂರನೆಯ ದಿನ. ರಕ್ತ ಹೆಪ್ಪುಗಟ್ಟಿ ಎಡಕಿವಿಯ ಮೇಲಿನ ಭಾಗಕ್ಕೆ ಪೆಟ್ಟು ಬಿದ್ದಿತ್ತು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೈಕಾಲು ಚೆನ್ನಾಗಿದ್ದರೂ, ಮಾತು ಇದ್ದಕ್ಕಿದ್ದಂತೆ ತಿಳಿಯದಂತಾದರೆ ಅದೂ ಲಕ್ವವೇ ಇರಬಹುದು. ಇದನ್ನು ಓದುವ ಮಕ್ಕಳು ಮನೆಯಲ್ಲಿ ಹೇಳಿ.

ವೆರ್ನಿಕೆಯವರ ಪುಸ್ತಕದಲ್ಲಿ ನನ್ನಂಥ ಎಂಜಿನಿಯರಿಗೆ ಹಿಡಿಸುವುದು ಅದರ ಮುಂದಿನ ಹೆಜ್ಜೆ. ಎರಡು ಕೇಂದ್ರಗಳಿದ್ದರೆ ಅವನ್ನು ಸೇರಿಸುವ ದಾರಿಯೂ ಇರಬೇಕು, ಆ ದಾರಿ ಮಾತ್ರ ತುಂಡಾದರೆ? ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಎರಡೂ ಸರ್ವರ್ ಸರಿ, ನಡುವಿನ ಕೇಬಲ್ ಕತ್ತರಿಸಿದೆ. ಕೇಳಿದ್ದು ತಿಳಿಯುತ್ತದೆ, ಮಾತೂ ಸಲೀಸು, ಆದರೆ ಪದಗಳು ತಪ್ಪಿ ಬರುತ್ತವೆ ಎಂದು ಅವರು ಬರೀ ತರ್ಕದಿಂದ ಹೇಳಿದರು. ಕೇಳಿದ ಮಾತನ್ನು ಹಾಗೆಯೇ ಮರಳಿ ಹೇಳಲಾಗದಿರುವುದೇ ಇದರ ಗುರುತು ಎಂದು 1885ರಲ್ಲಿ ಲಿಖ್ಟ್‌ಹೈಮ್ ತೋರಿಸಿದರು.

ಮನುಷ್ಯ ಮಾತ್ರ ಹೊಂದಿಕೊಂಡು ಹೋಗುವವರಲ್ಲ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಗೆ ಹೋಗಿ ಅಲ್ಲಿ ಜಗಳವಾಗಿ 1878ರಲ್ಲಿ ಹೊರಬಿದ್ದರು. ಏಳು ವರ್ಷ ಸ್ವಂತ ದವಾಖಾನೆ ನಡೆಸಿದರು. ಆ ಹೊತ್ತಿನಲ್ಲೇ ಮಿದುಳಿನ ರೋಗಗಳ ಮೇಲೆ ಮೂರು ಸಂಪುಟ ಬರೆದರು. ಕಣ್ಣು ಆಡದೆ, ನಡಿಗೆ ತೂರಾಡಿ, ಮನಸ್ಸು ಗೊಂದಲಕ್ಕೀಡಾಗುವ ಇನ್ನೊಂದು ರೋಗವನ್ನು 1881ರಲ್ಲಿ ವಿವರಿಸಿದರು. ಅದಕ್ಕೆ ಬಿ1 ಜೀವಸತ್ವದ ಕೊರತೆ ಕಾರಣ ಎಂಬುದು ಗೊತ್ತಾದದ್ದು ಅವರು ತೀರಿಕೊಂಡ ಎಷ್ಟೋ ವರ್ಷಕ್ಕೆ. ಅತಿಯಾಗಿ ಕುಡಿಯುವವರಲ್ಲಿ ಅದು ಇಂದಿಗೂ ಕಾಣುತ್ತದೆ.

1885ರಲ್ಲಿ ಬ್ರೆಸ್ಲಾವ್‌ಗೆ ಪ್ರಾಧ್ಯಾಪಕರಾಗಿ ಮರಳಿದರು. ಅಲ್ಲಿಯೂ ಆಡಳಿತದವರೊಡನೆ ತಂಟೆ ತಪ್ಪಲಿಲ್ಲ. 1904ರಲ್ಲಿ ಹಾಲೆ ವಿಶ್ವವಿದ್ಯಾಲಯಕ್ಕೆ ಹೋದರು. ಮರುವರ್ಷ ಜೂನ್‌ನಲ್ಲಿ ತುರಿಂಗಿಯಾದ ಕಾಡಿನಲ್ಲಿ ಸೈಕಲ್ ತುಳಿಯುವಾಗ ಅಪಘಾತವಾಗಿ ತೀರಿಕೊಂಡರು. ಆಗ ಅವರಿಗೆ 57.

ಅವರ ನಕ್ಷೆಯನ್ನು ಒಪ್ಪದವರೂ ಇದ್ದರು. 1891ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಒಂದು ಪುಸ್ತಕವನ್ನೇ ಬರೆದು ಟೀಕಿಸಿದರು. ಮುಂದೆ ಅದು ಮೂಲೆ ಸೇರಿತು, 1960ರ ದಶಕದಲ್ಲಿ ಬಾಸ್ಟನ್ನಿನ ನಾರ್ಮನ್ ಗೆಶ್ವಿಂಡ್ ಹೊರತೆಗೆದು ದೂಳು ಝಾಡಿಸಿದರು. ಅರ್ಥ ತಿಳಿಯುವ ಕೆಲಸ ಒಂದೇ ಜಾಗದಲ್ಲಿ ನಡೆಯುವುದಿಲ್ಲ, ಮಿದುಳಿನಲ್ಲಿ ಬಹಳ ಕಡೆ ಹರಡಿದೆ ಎಂದು ಈಗಿನ ಸ್ಕ್ಯಾನ್‌ಗಳು ತೋರಿಸಿವೆ. ಆದರೂ ರೋಗಿಯ ಮಂಚದ ಪಕ್ಕದಲ್ಲಿ ವೈದ್ಯರು ನೋಡುವುದು ಹಳೆಯ ಸಂಗತಿಗಳನ್ನೇ: ಮಾತು ಸರಾಗವೇ, ಹೇಳಿದ್ದು ತಿಳಿಯುತ್ತದೆಯೇ, ಮರಳಿ ಹೇಳಬಲ್ಲರೇ, ವಸ್ತುವಿನ ಹೆಸರು ನೆನಪಾಗುತ್ತದೆಯೇ. ಈ ಪರೀಕ್ಷೆ ಕನ್ನಡದಲ್ಲೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಲಕ್ವದಿಂದ ಮಾತು ಕೆಟ್ಟವರಿಗೆ ವಾಕ್ ಚಿಕಿತ್ಸೆ ಸಿಗುತ್ತದೆ. ನಮ್ಮ ಕಾಕಾಗೆ ಅಂಥ ಚಿಕಿತ್ಸೆ ಶುರುವಾದಾಗ ಮೊದಲ ದಿನ ಮುಂದಿಟ್ಟದ್ದು ಒಂದು ಲೋಟ, ಒಂದು ಬೀಗದ ಕೈ, ಒಂದು ಬಾಚಣಿಗೆ. ಬೀಗದ ಕೈ ಯಾವುದು ಎಂದು ಕೇಳಿದರೆ ತೋರಿಸಲು ಅವರಿಗೆ ಹನ್ನೊಂದು ದಿನ ಹಿಡಿಯಿತು.