ಹೆಸರಿನ ಋಣ ತೀರಿಸಿದ ತ್ಯಾಗವೀರ ಸಿರಸಂಗಿ ಲಿಂಗರಾಜರು

ಮಗು ಹುಟ್ಟಿದ ಮನೆಯಲ್ಲಿ ತೊಟ್ಟಿಲ ಕಾರ್ಯದ ದಿನ ಸೋದರತ್ತೆಯು ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರುತ್ತಾಳೆ. ನಮ್ಮ ಭಾಗದಲ್ಲಿ ಆ ಹೆಸರು ಬಹುಮಟ್ಟಿಗೆ ಹೊಸದಾಗಿರುವುದಿಲ್ಲ. ಲಿಂಗೈಕ್ಯರಾದ ಅಜ್ಜನದೋ, ಅಮ್ಮನದೋ, ಮನೆತನದ ಗುರುಗಳದೋ, ಶರಣರದೋ ಆಗಿರುತ್ತದೆ. ಹಿರಿಯರ ಹೆಸರನ್ನು ಬಾಯಿಬಿಟ್ಟು ಕರೆಯಲಾರದ ಸೊಸೆಯಂದಿರು ಆ ಕೂಸನ್ನೇ ‘ಅಜ್ಜಪ್ಪ’ ಎಂದು ಕರೆದು ಸಮಾಧಾನಪಡುವುದನ್ನು ನಾವೆಲ್ಲ ಕಂಡಿದ್ದೇವೆ. ಹೆಸರಿಡುವುದೆಂದರೆ ಹೋದವರನ್ನು ಮನೆಯಲ್ಲಿ ಉಳಿಸಿಕೊಳ್ಳುವುದು. ಆದರೆ ಹಾಗೆ ಪಡೆದ ಹೆಸರಿಗೆ ಮಗು ಮುಂದೆ ಯಾವ ಋಣವನ್ನು ತೀರಿಸಬೇಕು? ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟ ಮಹನೀಯರೊಬ್ಬರ ಚರಿತ್ರೆಯನ್ನು ಸದ್ಭಕ್ತರ ಮುಂದೆ ಇಡಲು ಬಯಸುತ್ತೇವೆ. ಅವರೇ ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯಿಯವರು.

ಲಿಂಗರಾಜರು ಹುಟ್ಟಿದಾಗ ಅವರ ಹೆಸರು ಲಿಂಗರಾಜ ಎಂದಿರಲಿಲ್ಲ. ಇಂದಿನ ಗದಗ ಜಿಲ್ಲೆಯ ಶಿಗ್ಲಿ ಗ್ರಾಮದ ಮಡ್ಲಿ ಮನೆತನದಲ್ಲಿ, ಗೂಳಪ್ಪ ಮತ್ತು ಎಲ್ಲವ್ವ ದಂಪತಿಗಳ ಮಗನಾಗಿ 1861ರ ಜನವರಿ 10ರಂದು ಅವರ ಜನನವಾಯಿತು. ತಂದೆತಾಯಿಗಳು ಇಟ್ಟ ಹೆಸರು ರಾಮಪ್ಪ. ಆ ಊರಿನ ಉಳಿದ ಮಕ್ಕಳಂತೆ ಬೆಳೆಯಬೇಕಾಗಿದ್ದ ಬಾಲಕನ ಬದುಕು ಹನ್ನೊಂದನೆಯ ವಯಸ್ಸಿನಲ್ಲಿ ಬೇರೊಂದು ದಾರಿ ಹಿಡಿಯಿತು. 1872ರಲ್ಲಿ ಅವರನ್ನು ಸಿರಸಂಗಿ ನವಲಗುಂದ ದೇಸಗತಿಗೆ ದತ್ತು ತೆಗೆದುಕೊಳ್ಳಲಾಯಿತು. ಶಿಗ್ಲಿಯ ರಾಮಪ್ಪ ಅಂದಿನಿಂದ ಜಾಯಪ್ಪ ದೇಸಾಯಿಯವರ ಮಗ ಲಿಂಗಪ್ಪನಾದರು. ಜನರ ಬಾಯಲ್ಲಿ ಆ ಹೆಸರು ಲಿಂಗರಾಜ ಎಂದು ನೆಲೆಗೊಂಡಿತು.

ದತ್ತಕವೆಂದರೆ ಅಂದಿನ ದೇಸಗತಿ ಮನೆಗಳಲ್ಲಿ ಎಂತಹ ಗಂಭೀರ ವಿಷಯವಾಗಿತ್ತು ಎಂಬುದನ್ನು ನಮ್ಮ ನಾಡಿನ ಇತಿಹಾಸವೇ ಹೇಳುತ್ತದೆ. ಸಿರಸಂಗಿಗೆ ದೂರವಲ್ಲದ ಕಿತ್ತೂರಿನಲ್ಲಿ 1824ರಲ್ಲಿ ಶಿವಲಿಂಗರುದ್ರಸರ್ಜ ದೊರೆ ಮಕ್ಕಳಿಲ್ಲದೆ ಮರಣ ಹೊಂದಿದಾಗ, ದತ್ತುಪುತ್ರನ ಹಕ್ಕನ್ನು ಆಂಗ್ಲ ಅಧಿಕಾರಿ ಥ್ಯಾಕರೆ ಒಪ್ಪಲಿಲ್ಲ. ಆ ಒಂದು ನಿರಾಕರಣೆಯಿಂದಲೇ ರಾಣಿ ಚೆನ್ನಮ್ಮಾಜಿಯವರು ಖಡ್ಗ ಹಿಡಿಯಬೇಕಾಯಿತು. ಮನೆತನಕ್ಕೆ ಹೆಸರು ಹೇಳುವ ಒಬ್ಬ ಮಗ ಬೇಕು ಎಂಬುದು ಕೇವಲ ಮಮತೆಯ ಮಾತಾಗಿರಲಿಲ್ಲ. ಭೂಮಿ, ಅಧಿಕಾರ, ಪ್ರಜೆಗಳ ನೆಮ್ಮದಿ ಎಲ್ಲವೂ ಆ ಹೆಸರಿನ ಮೇಲೆ ನಿಂತಿದ್ದವು. ಅಂತಹ ಭಾರವನ್ನು ಹನ್ನೊಂದು ವರ್ಷದ ಬಾಲಕನ ಹೆಗಲಿಗೆ ಏರಿಸಲಾಯಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕೆಂದು ನಮಗೆ ಅನಿಸುತ್ತದೆ. ಲಿಂಗರಾಜರ ಚರಿತ್ರೆಯನ್ನು ಹೇಳುವಾಗ ನಾವು ಸಿರಸಂಗಿಯ ವಾಡೆಯನ್ನು ನೆನೆಯುತ್ತೇವೆ, ಶಿಗ್ಲಿಯ ಮನೆಯನ್ನು ಮರೆಯುತ್ತೇವೆ. ದತ್ತು ಕೊಟ್ಟ ತಾಯಿ ಮಗನನ್ನು ಮಾತ್ರವಲ್ಲ, ತಾನಿಟ್ಟ ಹೆಸರನ್ನೂ ಬಿಟ್ಟುಕೊಡುತ್ತಾಳೆ. ಸಿರಸಂಗಿ ಲಿಂಗರಾಜರ ತ್ಯಾಗದ ಕಥೆ ಅವರ ಮೃತ್ಯುಪತ್ರದಿಂದ ಆರಂಭವಾಗುವುದಿಲ್ಲ. ಅದರ ಮೊದಲ ಅಧ್ಯಾಯವನ್ನು ಎಲ್ಲವ್ವ ತಾಯಿ ಬರೆದಿದ್ದರು ಎಂದೇ ನಾವು ನಂಬುತ್ತೇವೆ.

ದೇಸಗತಿಯ ಒಡೆತನ ಕೈಗೆ ಬಂದ ಮೇಲೆ ಲಿಂಗರಾಜರು ವೈಭವದಲ್ಲಿ ಮೈಮರೆಯಬಹುದಾಗಿತ್ತು. ಅವರ ದೃಷ್ಟಿ ಸಮಾಜದ ಸ್ಥಿತಿಯ ಕಡೆಗೆ ಹೊರಳಿತು. ಒಕ್ಕಲುತನವನ್ನೇ ನಂಬಿದ್ದ ನಮ್ಮ ಸಮಾಜದಲ್ಲಿ ಆಗ ಅಕ್ಷರ ಬಲ್ಲವರು ವಿರಳರಾಗಿದ್ದರು. ಭೂಮಿಯ ಕಾಗದವನ್ನು ಓದಲಾರದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ರೈತರು ಊರೂರಲ್ಲಿಯೂ ಇದ್ದರು. ಸರಕಾರಿ ಕಚೇರಿಗಳ ಬಾಗಿಲು ಇಂಗ್ಲಿಷ್ ವಿದ್ಯೆ ಇಲ್ಲದವರಿಗೆ ತೆರೆಯುತ್ತಿರಲಿಲ್ಲ. ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರು, ಅರಟಾಳ ರುದ್ರಗೌಡರು ಮೊದಲಾದವರು ಬಡ ವಿದ್ಯಾರ್ಥಿಗಳಿಗೆ ನೆರವಾಗಲು ದುಡಿಯುತ್ತಿದ್ದರು. ಸಮಾಜ ಮೇಲೇಳಬೇಕಾದರೆ ವಿದ್ಯೆಯೊಂದೇ ಮಾರ್ಗವೆಂಬ ಅವರ ನಿಲುವೇ ಲಿಂಗರಾಜರ ನಿಲುವೂ ಆಯಿತು.

1904ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆ ಸ್ಥಾಪನೆಗೊಂಡಾಗ, ಅದರ ಪ್ರಥಮ ಅಧಿವೇಶನದ ಅಧ್ಯಕ್ಷತೆಯನ್ನು ಲಿಂಗರಾಜರು ವಹಿಸಿದರು. ಆ ವೇದಿಕೆಯನ್ನು ನೆನೆದಾಗಲೆಲ್ಲ ಒಂದು ಸಂಗತಿ ನಮ್ಮ ಮನಸ್ಸಿಗೆ ಬರುತ್ತದೆ. ಕುಮಾರ ಶಿವಯೋಗಿಗಳೂ ಹುಟ್ಟಿದ ಹೆಸರನ್ನು ಬಿಟ್ಟು ಬಂದವರೇ. ಜೋಯಿಸರ ಹರಳಹಳ್ಳಿಯಲ್ಲಿ ಅವರು ಹಾಲಯ್ಯನೆಂಬ ಬಡ ಬಾಲಕರಾಗಿದ್ದರು. ಒಬ್ಬರು ಪೀಠಕ್ಕಾಗಿ ಹೆಸರು ಬದಲಿಸಿಕೊಂಡರು, ಇನ್ನೊಬ್ಬರ ಹೆಸರು ಮನೆತನಕ್ಕಾಗಿ ಬದಲಾಯಿತು. ಸ್ವಂತ ಮನೆಯನ್ನು ಬಿಟ್ಟು ಬಂದ ಈ ಇಬ್ಬರು ಸಮಾಜವೆಂಬ ಒಂದೇ ಮನೆಗಾಗಿ ಒಂದೆಡೆ ಸೇರಿದರು. ಮುಂದೆ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಅದನ್ನು ಕಾಣಲು ಲಿಂಗರಾಜರು ಉಳಿಯಲಿಲ್ಲ.

ಲಿಂಗರಾಜರಿಗೆ ಸಂತಾನಭಾಗ್ಯ ಉಳಿಯಲಿಲ್ಲ. ಯಾವ ಕೊರತೆಯನ್ನು ತುಂಬಲೆಂದು ಅವರನ್ನು ಶಿಗ್ಲಿಯಿಂದ ಕರೆತರಲಾಗಿತ್ತೋ, ಅದೇ ಕೊರತೆ ಮತ್ತೆ ಆ ಮನೆಯ ಬಾಗಿಲಲ್ಲಿ ನಿಂತಿತು. ರೂಢಿಯ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೊಬ್ಬ ಬಾಲಕನನ್ನು ಕರೆತಂದು, ಹೆಸರು ಕೊಟ್ಟು, ದೇಸಗತಿಯನ್ನು ಅವನ ಕೈಗಿಡುವುದು. ಆ ದಾರಿಯಿಂದಲೇ ತಾವು ಮೇಲೆ ಬಂದಿದ್ದರೂ ಲಿಂಗರಾಜರು ಅದನ್ನು ಹಿಡಿಯಲಿಲ್ಲ. ದೇಸಗತಿಯ ಸಂಪತ್ತು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟರು. 1906ರ ಆಗಸ್ಟ್ 23ರಂದು, ತಮ್ಮ ನಲವತ್ತೈದನೆಯ ವಯಸ್ಸಿನಲ್ಲಿ, ಲಿಂಗೈಕ್ಯರಾದರು.

ಆ ಸಂಪತ್ತಿನಿಂದ ರೂಪುಗೊಂಡದ್ದೇ ಸಿರಸಂಗಿ ನವಲಗುಂದ ಟ್ರಸ್ಟ್. ಅದರ ಹೆಸರನ್ನು ಗಮನಿಸಿರಿ. ಅದರಲ್ಲಿ ಲಿಂಗರಾಜರ ಹೆಸರಿಲ್ಲ, ಎರಡು ಊರುಗಳ ಹೆಸರಿದೆ. ಆ ಊರುಗಳ ಹೊಲದಲ್ಲಿ ಬೆಳೆದ ಜೋಳ, ಹತ್ತಿಯ ಹುಟ್ಟುವಳಿಯೇ ಎಲ್ಲಿಯೋ ದೂರದಲ್ಲಿ ಓದುವ ಬಡ ಹುಡುಗನ ಶುಲ್ಕವಾಯಿತು, ಪುಸ್ತಕವಾಯಿತು, ಊಟವಾಯಿತು. ಶರಣರು ದಾಸೋಹವೆಂದು ಕರೆದದ್ದು ಇದನ್ನೇ ಅಲ್ಲವೇ? ಬಂದದ್ದು ತನ್ನದಲ್ಲ, ಸಮಾಜದ್ದು ಎಂಬ ಅರಿವಿನಿಂದ ಮರಳಿ ಒಪ್ಪಿಸುವುದೇ ದಾಸೋಹ. ಶರಣರು ತಮ್ಮ ವಚನಗಳಿಗೂ ಸ್ವಂತ ಹೆಸರಿನ ಅಂಕಿತ ಹಾಕದೆ ಇಷ್ಟದೈವದ ಹೆಸರನ್ನಿಟ್ಟರು. ಲಿಂಗರಾಜರು ಆ ಭಾವವನ್ನು ಆಸ್ತಿಯ ವಿಷಯದಲ್ಲಿ ಆಚರಿಸಿ ತೋರಿಸಿದರು.

ತಮ್ಮ ಹೆಸರನ್ನು ಉಳಿಸಿಕೊಳ್ಳಲು ಹೊರಡದವರ ಹೆಸರನ್ನು ಸಮಾಜ ತಾನಾಗಿ ಉಳಿಸಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು 1933ರಲ್ಲಿ ತನ್ನ ಪ್ರಥಮ ಮಹಾವಿದ್ಯಾಲಯವನ್ನು ತೆರೆದಾಗ ಅದಕ್ಕೆ ಲಿಂಗರಾಜ ಕಾಲೇಜು ಎಂದೇ ಹೆಸರಿಟ್ಟಿತು. ಆ ಸಂಸ್ಥೆಯ ಮೊದಲ ಶಾಲೆ ಗಿಲಗಂಚಿ ಹಾಗೂ ಅರಟಾಳರ ಹೆಸರನ್ನು ಹೊತ್ತಿದೆ. ವಂಟಮುರಿಯ ರಾಜಾ ಲಖಮಗೌಡರ ಹೆಸರಿನಲ್ಲಿಯೂ ಒಂದು ಮಹಾವಿದ್ಯಾಲಯ ನಡೆದಿದೆ. ಮನೆಯ ಮಗುವಿಗೆ ಅಜ್ಜನ ಹೆಸರಿಡುವಂತೆ ಸಮಾಜವು ತನ್ನ ವಿದ್ಯಾಮಂದಿರಗಳಿಗೆ ಹಿರಿಯರ ಹೆಸರಿಟ್ಟಿತು. ಎಲ್ಲವ್ವ ಇಟ್ಟ ರಾಮಪ್ಪ ಎಂಬ ಹೆಸರು ಕಾಗದದಲ್ಲಿ ಮರೆಯಾಯಿತು. ಆದರೆ ಅವಳ ಮಗನ ಹೆಸರಿನ ಬಾಗಿಲಿನಿಂದ ಸಾವಿರಾರು ತಾಯಂದಿರ ಮಕ್ಕಳು ಒಳಗೆ ಹೋಗಿ, ವಿದ್ಯಾವಂತರಾಗಿ ಹೊರಗೆ ಬಂದರು, ಇಂದಿಗೂ ಬರುತ್ತಿದ್ದಾರೆ.

ನಮ್ಮ ಮನೆಗಳಲ್ಲಿ ಈಗಲೂ ಲಿಂಗರಾಜ ಎಂಬ ಹೆಸರಿನ ಮಕ್ಕಳಿದ್ದಾರೆ. ಬಸವರಾಜ, ಚೆನ್ನಬಸವ, ಅಕ್ಕಮಹಾದೇವಿ, ದಾನಮ್ಮ ಎಂಬ ಹೆಸರಿನವರೂ ಇದ್ದಾರೆ. ಮಠಕ್ಕೆ ಕೂಸನ್ನು ಕರೆತಂದು ಯಾವ ಹೆಸರಿಡಬೇಕೆಂದು ಕೇಳುವ ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ಹೆಸರಿಟ್ಟರೆ ಸಾಲದು. ಮಗುವಿಗೆ ತಿಳಿವು ಬಂದ ದಿನ ಅದನ್ನು ಹತ್ತಿರ ಕೂಡ್ರಿಸಿಕೊಂಡು, ಆ ಹೆಸರಿನವರು ಯಾರಾಗಿದ್ದರು, ಏನು ಮಾಡಿದರು, ಏನನ್ನು ಬಿಟ್ಟುಕೊಟ್ಟರು ಎಂಬುದನ್ನು ಹೇಳಿರಿ. ಅಜ್ಜ ಊರ ಬಾವಿ ತೋಡಿಸಿದ್ದರೆ ಅದನ್ನು ಹೇಳಿರಿ. ಅಮ್ಮ ಹಸಿದು ಬಂದವರಿಗೆ ರೊಟ್ಟಿ ಹಾಕುತ್ತಿದ್ದರೆ ಅದನ್ನೂ ಹೇಳಿರಿ. ಹೆಸರು ಅಂದಿನಿಂದ ಮಗುವಿನದಾಗುತ್ತದೆ.

ಮಕ್ಕಳಿಲ್ಲದ ಮನೆಗೆ ಮಗನಾಗಿ ಬಂದು, ಮಕ್ಕಳಿಲ್ಲದೆಯೇ ಹೋಗಿ, ನಾಡಿನ ಮಕ್ಕಳಿಗೆಲ್ಲ ತಂದೆಯಾದ ಆ ಮಹಾಚೇತನಕ್ಕೆ ನಮ್ಮ ಅನಂತ ಶರಣು ಶರಣಾರ್ಥಿಗಳು.